ಎಸ್‌ಎಸ್‌ಎಲ್‌ಸಿ ನಂತರದ ದಾರಿ: ಶಾಲೆಯ ಆಪ್ತ ಸಮಾಲೋಚಕರೂ ಉದ್ಯಮಿಗಳ ಹೊಣೆಯೂ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪ್ರಕಟವಾದ ಕೆಲವೇ ವಾರಗಳಲ್ಲಿ ಹದಿನೈದು-ಹದಿನಾರರ ಮಕ್ಕಳು ಮುಂದಿನ ಬದುಕಿನ ದಾರಿಯನ್ನು ಆರಿಸಿಕೊಳ್ಳಬೇಕಾಗುತ್ತದೆ. ಹೆಚ್ಚು ಅಂಕ ಬಂದರೆ ವಿಜ್ಞಾನ, ಸಾಧಾರಣವಾದರೆ ವಾಣಿಜ್ಯ, ಕಡಿಮೆಯಾದರೆ ಕಲೆ, ಎಲ್ಲಿಯೂ ಸೀಟು ಸಿಗದಿದ್ದರೆ ಐಟಿಐ ಎಂಬ ಲೆಕ್ಕಾಚಾರವೇ ಅನೇಕ ಮನೆಗಳಲ್ಲಿ ನಡೆಯುತ್ತದೆ. ಮಗುವಿನ ಅಭಿರುಚಿಗೂ ಕೈಗುಣಕ್ಕೂ ಇದರಲ್ಲಿ ಸ್ಥಾನವಿಲ್ಲ. ಪರಿಣಾಮವಾಗಿ ಒಲ್ಲದ ವಿಷಯ ಹಿಡಿದು ಪಿಯುಸಿಯಲ್ಲಿ ಅನುತ್ತೀರ್ಣನಾದ ಹುಡುಗ ಮನೆಯಲ್ಲಿ ಉಳಿಯುತ್ತಾನೆ. ಅತ್ತ ಪೀಣ್ಯದ ಯಂತ್ರಾಗಾರ, ಬೆಳಗಾವಿಯ ಫೌಂಡ್ರಿಗಳ ಮಾಲೀಕರು ನುರಿತ ಕೈಗಳಿಗಾಗಿ ಹುಡುಕುತ್ತಾರೆ.

ಈ ಕೊರತೆ ಹೊಸದಲ್ಲ. ಶಾಲೆಗಳಲ್ಲಿ ಮಾರ್ಗದರ್ಶನ ವ್ಯವಸ್ಥೆ ಇರಬೇಕೆಂದು 1952-53ರ ಮುದಲಿಯಾರ್ ಆಯೋಗವೂ 1964-66ರ ಕೊಠಾರಿ ಆಯೋಗವೂ ಶಿಫಾರಸು ಮಾಡಿದ್ದವು. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯು ಶಿಕ್ಷಕರಿಗೆ ಮಾರ್ಗದರ್ಶನ ಮತ್ತು ಸಮಾಲೋಚನೆಯ ತರಬೇತಿಯನ್ನು ನೀಡುತ್ತ ಬಂದಿದೆ. ಆದರೂ ಪ್ರತ್ಯೇಕ ಸಮಾಲೋಚಕರಿಲ್ಲದ ಪ್ರೌಢಶಾಲೆಗಳಲ್ಲಿ ಈ ಹೊಣೆ ಪಾಠದ ಒತ್ತಡದಲ್ಲಿರುವ ಶಿಕ್ಷಕರ ಮೇಲೆಯೇ ಬೀಳುತ್ತದೆ.

ಸಮಾಲೋಚಕರ ಮೊದಲ ಕೆಲಸ ಉಪದೇಶವಲ್ಲ, ಕೇಳಿಸಿಕೊಳ್ಳುವುದು. ಓದಿನಲ್ಲಿ ಹಿಂದುಳಿದುದಕ್ಕೆ ಕಾರಣ ವಿಷಯದ ಕಷ್ಟವೇ, ಮನೆಯ ತಾಪತ್ರಯವೇ, ಪರೀಕ್ಷೆಯ ಭಯವೇ ಎಂಬುದನ್ನು ಅವರು ವಿಚಾರಿಸುತ್ತಾರೆ. ತಮ್ಮ ಅಳವಿಗೆ ಮೀರಿದ್ದನ್ನು ಮನೋವೈದ್ಯರಿಗೆ ಒಪ್ಪಿಸುತ್ತಾರೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನೂ ತಿಳಿಸುತ್ತಾರೆ. ನಂತರ ಬರುವುದು ವೃತ್ತಿಯ ಮಾತು.

ಇಲ್ಲಿ ಸರಿಯಾದ ಮಾಹಿತಿಯೇ ಬಂಡವಾಳ. ಐಟಿಐಯಲ್ಲಿ ವೆಲ್ಡರ್ ತರಬೇತಿ ಒಂದು ವರ್ಷದ್ದು, ಫಿಟ್ಟರ್ ಮತ್ತು ಟರ್ನರ್ ತರಬೇತಿ ಎರಡು ವರ್ಷದ್ದು. ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಪ್ರವೇಶ ಪರೀಕ್ಷೆಯ ಮೂಲಕ ಎಂಜಿನಿಯರಿಂಗ್‌ನ ಎರಡನೆಯ ವರ್ಷಕ್ಕೆ ನೇರವಾಗಿ ಸೇರಬಹುದು. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಸ್ಥಾಪಿತವಾದ ಜಿಟಿಟಿಸಿಯಲ್ಲಿ ಟೂಲ್ ಅಂಡ್ ಡೈ ತಯಾರಿಕೆಯನ್ನು ಕಲಿಯಬಹುದು. ಇವು ಸೋತವರ ದಾರಿಗಳಲ್ಲ, ಮುಂದಕ್ಕೆ ತೆರೆದ ದಾರಿಗಳು ಎಂದು ತಂದೆತಾಯಿಗಳಿಗೆ ಮನಗಾಣಿಸುವುದೇ ಸಮಾಲೋಚಕರ ಕಷ್ಟದ ಕೆಲಸ.

ಉದ್ಯಮಿಗಳು ನೆರವಾಗಬೇಕಾದುದು ಇಲ್ಲಿಯೇ. ಯಂತ್ರ ನಡೆಸುವವನ ದಿನಚರಿ ಹೇಗಿರುತ್ತದೆ, ಆರಂಭದ ಸಂಬಳವೆಷ್ಟು, ಐದು ವರ್ಷದ ಅನುಭವದ ನಂತರ ಎಷ್ಟು ಎಂಬುದು ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅದು ಗೊತ್ತಿರುವುದು ಮಾಲೀಕರಿಗೆ. ವರ್ಷಕ್ಕೊಮ್ಮೆ ಒಂಬತ್ತನೆಯ ತರಗತಿಯ ಮಕ್ಕಳನ್ನು ಶಿಕ್ಷಕರ ಜೊತೆ ಕಾರ್ಖಾನೆಗೆ ಬರಮಾಡಿಕೊಳ್ಳುವುದು, ಸಮಾಲೋಚಕರಿಗೆ ಸಂಬಳದ ನಿಜವಾದ ಅಂಕಿಗಳನ್ನು ಕೊಡುವುದು ದೊಡ್ಡ ಖರ್ಚಿನ ಕೆಲಸಗಳಲ್ಲ. 1961ರ ಅಪ್ರೆಂಟಿಸ್ ಕಾಯಿದೆಯ ಅಡಿ 2019ರಲ್ಲಿ ತಿದ್ದುಪಡಿಯಾದ ನಿಯಮಗಳು 30 ಅಥವಾ ಹೆಚ್ಚು ಸಿಬ್ಬಂದಿಯಿರುವ ಘಟಕಗಳಿಗೆ ಅಪ್ರೆಂಟಿಸ್ ನೇಮಕವನ್ನು ಕಡ್ಡಾಯಗೊಳಿಸಿ, 4ರಿಂದ 29 ಸಿಬ್ಬಂದಿಯ ಸಣ್ಣ ಘಟಕಗಳಿಗೆ ಅದನ್ನು ಐಚ್ಛಿಕವಾಗಿಸಿದವು.

ಒಂದು ಎಚ್ಚರಿಕೆಯೂ ಅಗತ್ಯ. ಸಮಾಲೋಚಕರು ಕಾರ್ಖಾನೆಗೆ ಆಳು ಒದಗಿಸುವ ಏಜೆಂಟರಲ್ಲ. ಅವರ ನಿಷ್ಠೆ ಮಗುವಿಗೆ ಸಲ್ಲಬೇಕು. ವೈದ್ಯಳಾಗಬಲ್ಲ ಹುಡುಗಿಯನ್ನು ಬಡತನದ ನೆಪದಲ್ಲಿ ಬೇಗ ದುಡಿಮೆಗೆ ಹಚ್ಚುವುದು ಮಾರ್ಗದರ್ಶನವಲ್ಲ. ವಿದ್ಯಾರ್ಥಿವೇತನದ ದಾರಿ ತೋರುವುದು ಮಾರ್ಗದರ್ಶನ. ತಾನೇ ಒಪ್ಪಿ ಬಂದ ಕೆಲಸಗಾರನು ಕಸುಬಿನಲ್ಲಿ ನೆಲೆಯೂರುತ್ತಾನೆ. ಬೇರೆ ಗತಿಯಿಲ್ಲದೆ ಬಂದವನು ಕಲಿತೊಡನೆ ಬಿಟ್ಟುಹೋಗುತ್ತಾನೆ. ಆದುದರಿಂದ ಮಗುವಿನ ಹಿತವನ್ನು ಮುಂದಿಟ್ಟ ಸಲಹೆಯೇ ಕೊನೆಗೆ ಉದ್ಯಮಕ್ಕೂ ಲಾಭದಾಯಕ.