ಮಿಗ್ ನಿವೃತ್ತಿಯಾಯಿತು, ಪೈಲಟ್‌ಗಳು ಎಲ್ಲಿಗೆ ಹೋದರು?

1963ರಲ್ಲಿ ಚಂಡೀಗಢದಲ್ಲಿ ಭಾರತೀಯ ವಾಯುಪಡೆ ಸೇರಿದ ಮಿಗ್-21 ಯುದ್ಧವಿಮಾನ, 2025ರ ಸೆಪ್ಟೆಂಬರ್ 26ರಂದು ಅದೇ ಚಂಡೀಗಢದಲ್ಲಿ ನಿವೃತ್ತಿಯಾಯಿತು. ನಡುವೆ ಕಳೆದದ್ದು 62 ವರ್ಷ. ಪೈಲಟ್ ಒಬ್ಬರು ಇಪ್ಪತ್ತೊಂದು, ಇಪ್ಪತ್ತೆರಡರ ವಯಸ್ಸಿಗೆ ವಾಯುಪಡೆ ಸೇರುತ್ತಾರೆ. ನಲವತ್ತು ದಾಟುವ ಹೊತ್ತಿಗೆ ಸ್ಕ್ವಾಡ್ರನ್ನಿನ ದಿನನಿತ್ಯದ ಹಾರಾಟ ಕಡಿಮೆಯಾಗತೊಡಗುತ್ತದೆ. ಆ ಲೆಕ್ಕದಲ್ಲಿ ಮೂರು ತಲೆಮಾರಿನ ಪೈಲಟ್‌ಗಳು ಒಂದೇ ಜಾತಿಯ ವಿಮಾನ ಹಾರಿಸಿದ್ದಾರೆ. 1963ರಲ್ಲಿ 25ರ ಪ್ರಾಯದಲ್ಲಿದ್ದವರಿಗೆ ಆ ಬೀಳ್ಕೊಡುಗೆಯ ದಿನ 87 ವರ್ಷ.

ಜಗತ್ತಿನಲ್ಲಿ ತಯಾರಾದ ಮಿಗ್-21ಗಳು 11,000ಕ್ಕೂ ಹೆಚ್ಚು. ಶಬ್ದಕ್ಕಿಂತ ವೇಗವಾಗಿ ಹಾರುವ ಇನ್ಯಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಭಾರತವೊಂದೇ 850ಕ್ಕೂ ಹೆಚ್ಚು ಹಾರಿಸಿತು. ಅವುಗಳಲ್ಲಿ 600ಕ್ಕೂ ಹೆಚ್ಚು ನಮ್ಮ ವಿಮಾನ ಕಾರ್ಖಾನೆ ಎಚ್‌ಎಎಲ್‌ನಲ್ಲೇ ತಯಾರಾದವು. ವಿಮಾನಗಳ ಲೆಕ್ಕ ಸುಲಭವಾಗಿ ಸಿಗುತ್ತದೆ, ಪತ್ರಿಕೆಗಳಲ್ಲೂ ಬರುತ್ತದೆ. ಅವುಗಳಲ್ಲಿ ಕೂತವರ ಲೆಕ್ಕ ಹಾಕಿದರೆ ಬೆರಗು ಇನ್ನೂ ದೊಡ್ಡದು.

ಏರ್ ಕಮೊಡೋರ್ ಸುರೇಂದ್ರ ಸಿಂಗ್ ತ್ಯಾಗಿ ಅವರನ್ನೇ ನೋಡಿ. ಮಿಗ್-21 ಒಂದರಲ್ಲೇ ಅವರು ಮಾಡಿದ ಹಾರಾಟಗಳು 6,300ಕ್ಕೂ ಹೆಚ್ಚು. ಈ ವಿಮಾನ ಹೊರುವ ಇಂಧನ ಕಡಿಮೆ, ಕುಡಿಯುವುದು ಹೆಚ್ಚು; ಹೀಗಾಗಿ ಬಹುಪಾಲು ಹಾರಾಟಗಳು ಒಂದು ಗಂಟೆಯೊಳಗೇ ಮುಗಿಯುತ್ತವೆ. ಇಳಿಯುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು, ಅಂದರೆ ಸೆಕೆಂಡಿಗೆ 83 ಮೀಟರ್. ಕಣ್ಣು ಮಿಟುಕಿಸುವಷ್ಟರಲ್ಲಿ ಇಪ್ಪತ್ತು ಮೀಟರ್ ರನ್‌ವೇ ಹಿಂದಕ್ಕೆ ಹೋಗಿರುತ್ತದೆ. ಇಂಥ ಇಳಿತವನ್ನು ಒಬ್ಬ ಮನುಷ್ಯ 6,300 ಸಲ ಮಾಡಿದ್ದಾರೆ. ದಿನಕ್ಕೆ ಒಂದರಂತೆ ಬಿಡುವಿಲ್ಲದೆ ಹಾರಿದ್ದರೂ ಅದಕ್ಕೆ 17 ವರ್ಷ ಬೇಕು.

ಈ ಲೆಕ್ಕಕ್ಕೆ ಕಹಿಯಾದ ಇನ್ನೊಂದು ಮುಖವಿದೆ. 2012ರಲ್ಲಿ ಆಗಿನ ರಕ್ಷಣಾ ಸಚಿವ ಎ.ಕೆ. ಆಂಟನಿ ಸಂಸತ್ತಿಗೆ ಕೊಟ್ಟ ಅಂಕಿಗಳ ಪ್ರಕಾರ, 872 ಮಿಗ್ ವಿಮಾನಗಳಲ್ಲಿ 482 ಅಪಘಾತಕ್ಕೀಡಾಗಿದ್ದವು. 171 ಪೈಲಟ್‌ಗಳು ಪ್ರಾಣ ಬಿಟ್ಟಿದ್ದರು. ಅಪಘಾತಗಳ ಸಂಖ್ಯೆ ಸಾವಿನ ಸಂಖ್ಯೆಯ ಸುಮಾರು ಮೂರು ಪಟ್ಟು ಇರುವುದನ್ನು ಗಮನಿಸಬೇಕು. ಉರಿಯುವ ವಿಮಾನದಿಂದ ಆಸನ ಸಮೇತ ಹೊರಗೆ ಹಾರಿ ಬದುಕಿದವರೂ ಅನೇಕರು. ಬೆನ್ನುಮೂಳೆಗೆ ಪೆಟ್ಟು ತಿಂದು, ಆಸ್ಪತ್ರೆಯಿಂದ ಎದ್ದು ಬಂದು ಮತ್ತೆ ಅದೇ ಕಾಕ್‌ಪಿಟ್ ಏರಿದವರು ಅವರಲ್ಲಿದ್ದಾರೆ. ವಿಮಾನವನ್ನು ಬಯ್ಯುವಾಗಲೂ ಹೊಗಳುವಾಗಲೂ ಇವರು ನೆನಪಿರಬೇಕು.

ಹಾಗಾದರೆ ವಿಮಾನ ನಿಂತ ಮೇಲೆ ಪೈಲಟ್ ಏನಾಗುತ್ತಾರೆ?

ಮೊದಲು ಸ್ಕ್ವಾಡ್ರನ್ನಿನ ವಿಷಯ. ವಿಮಾನ ಹೋದರೂ ಅದರ ಹೆಸರು ಮತ್ತು ಸಂಖ್ಯೆ ಸಾಯುವುದಿಲ್ಲ. ಅವನ್ನು ಎತ್ತಿಟ್ಟು ಹೊಸ ವಿಮಾನ ಬಂದಾಗ ಮತ್ತೆ ಜೀವ ಕೊಡುತ್ತಾರೆ. ವಾಯುಪಡೆಯಲ್ಲಿ ಇದಕ್ಕೆ ‘ನಂಬರ್ ಪ್ಲೇಟ್’ ಮಾಡುವುದು ಎನ್ನುತ್ತಾರೆ. ಮಿಗ್-21 ಹಾರಿಸುತ್ತಿದ್ದ 45ನೇ ಸ್ಕ್ವಾಡ್ರನ್ ಹೀಗೆ ನಿಂತುಹೋಗಿ, 2016ರ ಜುಲೈ 1ರಂದು ಬೆಂಗಳೂರಿನಲ್ಲಿ ದೇಶೀಯ ಯುದ್ಧವಿಮಾನ ತೇಜಸ್‌ನೊಂದಿಗೆ ಮರುಹುಟ್ಟು ಪಡೆಯಿತು. ಅಂದು ಅದರ ಬಳಿ ಇದ್ದದ್ದು ಎರಡೇ ಎರಡು ವಿಮಾನ. ಮಿಗ್-21 ಹಾರಿಸಿದ್ದ 17ನೇ ಸ್ಕ್ವಾಡ್ರನ್ 2020ರಲ್ಲಿ ಅಂಬಾಲಾದಲ್ಲಿ ರಫೇಲ್ ಸ್ಕ್ವಾಡ್ರನ್ ಆಯಿತು.

ಪೈಲಟ್‌ಗಳ ಮರುಹುಟ್ಟು ಇಷ್ಟು ಸುಲಭವಲ್ಲ. ಹೊಸ ವಿಮಾನ ಎಂದರೆ ಮತ್ತೆ ತರಗತಿ, ಸಿಮ್ಯುಲೇಟರ್, ಪರೀಕ್ಷೆ. ಬೋಧಕರ ಜೊತೆ ಹಾರಾಟ, ಆಮೇಲೆ ಒಂಟಿ ಹಾರಾಟ. ಮಿಗ್-21ರ ವೇಗಮಾಪಕ ಕಿಲೋಮೀಟರಿನಲ್ಲಿ, ಎತ್ತರ ಮೀಟರಿನಲ್ಲಿ. ಪಾಶ್ಚಾತ್ಯ ವಿಮಾನದಲ್ಲಿ ನಾಟ್ ಮತ್ತು ಅಡಿ. ಮಿಗ್‌ನ ಬ್ರೇಕ್ ಕೈಯಲ್ಲಿ ಹಿಡಿದ ದಂಡದ ಮೇಲಿದೆ. ಬೀದರ್‌ನಲ್ಲಿ ಕಲಿಸುವ ಹಾಕ್ ತರಬೇತಿ ವಿಮಾನದ ಬ್ರೇಕ್ ಪಾದದಡಿ ಇದೆ. ಸಾವಿರ ಗಂಟೆ ಹಾರಿ ಮೈಗೂಡಿದ ಅಭ್ಯಾಸವನ್ನು ಸೆಕೆಂಡಿಗೆ 83 ಮೀಟರ್ ವೇಗದಲ್ಲಿ ಮರೆಯಬೇಕು, ಹೊಸದನ್ನು ನೆನಪಿಡಬೇಕು.

ಆದರೂ ದಾಟಿದವರು ಎಷ್ಟು ದೂರ ದಾಟಿದ್ದಾರೆ ನೋಡಿ. ಅವನಿ ಚತುರ್ವೇದಿ 2018ರ ಫೆಬ್ರವರಿಯಲ್ಲಿ ಒಬ್ಬರೇ ಮಿಗ್-21 ಹಾರಿಸಿ, ಯುದ್ಧವಿಮಾನ ಹಾರಿಸಿದ ಭಾರತದ ಮೊದಲ ಮಹಿಳೆಯಾದರು. ಐದು ವರ್ಷಕ್ಕೆ ಅವರು ಸುಖೋಯ್-30ರೊಂದಿಗೆ ಜಪಾನಿನ ಸಮರಾಭ್ಯಾಸದಲ್ಲಿದ್ದರು. ಮಿಗ್-21ರಿಂದ ಬಂದ ಶಿವಾಂಗಿ ಸಿಂಗ್ ರಫೇಲ್ ಏರಿದರು; ಮೋಹನಾ ಸಿಂಗ್ ತೇಜಸ್ ಏರಿದರು.

ಇನ್ನೂ ಎತ್ತರಕ್ಕೆ ಹೋದವರಿದ್ದಾರೆ. 1971ರ ಯುದ್ಧದಲ್ಲಿ ಮಿಗ್-21ರಲ್ಲಿ 21 ಬಾರಿ ಹಾರಿದ್ದ ರಾಕೇಶ್ ಶರ್ಮಾ 1984ರ ಏಪ್ರಿಲ್ 3ರಂದು ಬಾಹ್ಯಾಕಾಶಕ್ಕೆ ಹೋದರು. ಮಿಗ್-21ರ ಗರಿಷ್ಠ ವೇಗ ಗಂಟೆಗೆ ಸುಮಾರು 2,170 ಕಿಲೋಮೀಟರ್. ಕಕ್ಷೆಯಲ್ಲಿ ಅವರ ವೇಗ ಸುಮಾರು 28,000. ಅದೇ ಮನುಷ್ಯ, ಹದಿಮೂರು ಪಟ್ಟು ವೇಗ. ಹಿಂದಿರುಗಿ ಬಂದು ಎಚ್‌ಎಎಲ್‌ಗೆ ಸೇರಿ, ನಾಸಿಕ್‌ನಲ್ಲೂ ನಂತರ ಬೆಂಗಳೂರಿನಲ್ಲೂ ಪರೀಕ್ಷಾ ಪೈಲಟ್ ಆಗಿ ದುಡಿದರು. ಅವರ ನಂತರ ಕಕ್ಷೆ ಸೇರಿದ ಭಾರತೀಯ ಶುಭಾಂಶು ಶುಕ್ಲಾ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿದ ಅವರು 2025ರ ಜೂನ್‌ನಲ್ಲಿ ಬಾಹ್ಯಾಕಾಶ ನಿಲ್ದಾಣಕ್ಕೆ ಹೋದರು. ಅವರು ಹಾರಿಸಿದ ವಿಮಾನಗಳ ಪಟ್ಟಿಯಲ್ಲೂ ಮಿಗ್-21 ಇದೆ. 41 ವರ್ಷಗಳ ಅಂತರದ ಇಬ್ಬರು ಗಗನಯಾತ್ರಿಗಳು ಒಂದೇ ವಿಮಾನ ಹಾರಿಸಿದವರು! ಶುಕ್ಲಾ ಹುಟ್ಟಿದ್ದು 1985ರಲ್ಲಿ. ಬೀಳ್ಕೊಡುಗೆಯ ವೇಳೆ ವಾಯುಪಡೆ ಮುಖ್ಯಸ್ಥರಾಗಿದ್ದ ಎ.ಪಿ. ಸಿಂಗ್ ತೇಜ್‌ಪುರದಲ್ಲಿ ಮೊದಲ ಸಲ ಮಿಗ್-21 ಏರಿದ್ದೂ ಅದೇ ವರ್ಷ. 40 ವರ್ಷಗಳ ನಂತರ ಅದನ್ನು ಬೀಳ್ಕೊಡುವ ದಿನವೂ ಅವರೇ ಹಾರಿದರು.

ಆ ದಿನ ನಿವೃತ್ತಿಯಾದದ್ದು ವಿಮಾನ ಮಾತ್ರ. ಪೈಲಟ್‌ಗಳಿಗೆ ಹಾರಾಟದ ವರ್ಷಗಳು ಇನ್ನೂ ಉಳಿದಿದ್ದವು. ಆದರೆ ಕೂರಲು ಆಸನ? ಕೊನೆಯ ಎರಡು ಮಿಗ್ ಸ್ಕ್ವಾಡ್ರನ್‌ಗಳು ಹೋದ ಮೇಲೆ ವಾಯುಪಡೆಯಲ್ಲಿ ಉಳಿದದ್ದು 29 ಯುದ್ಧ ಸ್ಕ್ವಾಡ್ರನ್, ಮಂಜೂರಾದದ್ದು 42. ಕೊರತೆ 13. ಒಂದಕ್ಕೆ 16ರಿಂದ 18 ವಿಮಾನ ಎಂದರೆ, 200ಕ್ಕೂ ಹೆಚ್ಚು ವಿಮಾನಗಳ ಜಾಗ ಖಾಲಿ. 2021ರಲ್ಲಿ 83 ತೇಜಸ್ ಎಂಕೆ-1ಎ ವಿಮಾನಗಳಿಗೆ ಆದೇಶ ಹೋಯಿತು. 2024ರಲ್ಲಿ ಮೊದಲನೆಯದು ಬರಬೇಕಿತ್ತು. ಅಮೆರಿಕದಿಂದ ಎಂಜಿನ್ ಬರುವುದು ತಡವಾದದ್ದೂ ಸೇರಿ ಹಲವು ಕಾರಣಕ್ಕೆ, ಕೊನೆಯ ಮಿಗ್ ಇಳಿದ ದಿನದವರೆಗೆ ಒಂದೂ ವಾಯುಪಡೆಯ ಕೈಸೇರಿರಲಿಲ್ಲ. ಅದರ ಹಿಂದಿನ ದಿನ, ಸೆಪ್ಟೆಂಬರ್ 25ರಂದು, ಇನ್ನೂ 97ಕ್ಕೆ 62,370 ಕೋಟಿ ರೂಪಾಯಿಯ ಒಪ್ಪಂದಕ್ಕೆ ಸಹಿ ಬಿತ್ತು. ಎರಡೂ ಸೇರಿ 180. ಅಷ್ಟೂ ಬಂದರೂ ಹತ್ತು, ಹನ್ನೊಂದು ಸ್ಕ್ವಾಡ್ರನ್ ಮಾತ್ರ ತುಂಬುತ್ತವೆ, ಅದೂ ಈ ನಡುವೆ ಹಳೆಯ ಜಾಗ್ವಾರ್ ಯುದ್ಧವಿಮಾನಗಳು ಒಂದೂ ನಿವೃತ್ತಿಯಾಗದೆ ಉಳಿದರೆ.

ವಿಮಾನಕ್ಕೆ ಆದೇಶ ಕೊಡಬಹುದು, ಹಣ ಹೊಂದಿಸಬಹುದು. ಪೈಲಟ್ ತಯಾರಾಗಲು ವರ್ಷಗಳು ಬೇಕು. ಹಾರದೆ ಕೂತರೆ ಆ ವಿದ್ಯೆ ತಿಂಗಳುಗಳಲ್ಲಿ ಮಂಕಾಗುತ್ತದೆ. ಹೊಸ ತೇಜಸ್ ಯಾವಾಗ ಎಂದು ಕೇಳುವವರು ಅದರ ಜೊತೆಗೆ ಇನ್ನೊಂದನ್ನೂ ಕೇಳಬೇಕು: ಈ ವರ್ಷ ಎಷ್ಟು ಪೈಲಟ್‌ಗಳಿಗೆ ಹಾರಲು ಆಸನ ಸಿಕ್ಕಿದೆ? ಸಂಸತ್ತಿನಲ್ಲೂ ಬೆಂಗಳೂರಿನ ತೇಜಸ್ ತಯಾರಿಕಾ ಸಾಲಿನಲ್ಲೂ ಈ ಪ್ರಶ್ನೆಗೆ ಪ್ರತಿವರ್ಷ ಉತ್ತರ ಸಿಗಬೇಕು.