ಎಫ್-35: ಎಣಿಕೆಯ ಒಳಗಿನ ಯಂತ್ರ

2025ರಲ್ಲಿ ಅಮೆರಿಕದ ಲಾಕ್‌ಹೀಡ್ ಮಾರ್ಟಿನ್ ಕಂಪನಿ 191 ಎಫ್-35 ಯುದ್ಧವಿಮಾನಗಳನ್ನು ಕೊಂಡವರ ಕೈಗೆ ಒಪ್ಪಿಸಿತು. ಅದರ ಹಿಂದಿನ ವರ್ಷ ಒಪ್ಪಿಸಿದ್ದು 110, ಅದಕ್ಕೂ ಹಿಂದಿನ ವರ್ಷ 98. ಈ ಮೂರು ಅಂಕಿಗಳನ್ನು ಸಾಲಾಗಿ ಓದಿದವರಿಗೆ ಕಾರ್ಖಾನೆ ಎರಡೇ ವರ್ಷಗಳಲ್ಲಿ ತನ್ನ ವೇಗವನ್ನು ದುಪ್ಪಟ್ಟು ಮಾಡಿಕೊಂಡಿದೆ ಅನ್ನಿಸುವುದು ಸಹಜ. ನಡೆದದ್ದು ಬೇರೆ. ಆ ಕಾರ್ಖಾನೆ ವರ್ಷಕ್ಕೆ 156 ವಿಮಾನಗಳೆಂಬ ಗುರಿಯ ಆಸುಪಾಸಿನಲ್ಲಿ ಹೆಚ್ಚುಕಡಿಮೆ ಒಂದೇ ಲಯದಲ್ಲಿ ದುಡಿಯುತ್ತಿತ್ತು. ಲೆಕ್ಕ ಇಳಿದ ವರ್ಷಗಳಲ್ಲಿ ಕಟ್ಟಿ ಮುಗಿಸಿದ ವಿಮಾನಗಳು ಕಟ್ಟಿದಲ್ಲೇ ನಿಂತವು. ಲೆಕ್ಕ ಏರಿದ ವರ್ಷ ಅವೂ ಹೊಸವುಗಳ ಜೊತೆ ಸೇರಿ ಹೊರಟವು.

ಈ ವಿಮಾನದ ಒಳಗೇನಿದೆ ಎಂದು ತಿಳಿಯಲು ಆಕಾಶದಲ್ಲಿ ಅದು ತೋರಿಸುವ ಕಸರತ್ತಿಗಿಂತ ನೆಲದ ಮೇಲೆ ಅದು ಕಾದು ನಿಂತ ಸಂದರ್ಭಗಳು ಹೆಚ್ಚು ನೆರವಾಗುತ್ತವೆ ಎಂಬುದು ನನ್ನ ಅನಿಸಿಕೆ. ಪ್ರತಿ ತಡೆಯೂ ಯಂತ್ರದ ಒಂದೊಂದು ಅಂಗವನ್ನು ಬಿಚ್ಚಿ ತೋರಿಸಿದೆ.

ಮೊದಲು ಕಾರ್ಖಾನೆ. ಟೆಕ್ಸಾಸ್ ರಾಜ್ಯದ ಫೋರ್ಟ್‌ವರ್ತ್‌ನಲ್ಲಿ ಸುಮಾರು ಒಂದೂವರೆ ಕಿಲೋಮೀಟರಿಗೂ ಉದ್ದದ ಒಂದೇ ಕಟ್ಟಡವಿದೆ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಬಿ-24 ಬಾಂಬರುಗಳಿಗಾಗಿ ಶುರುವಾದ ಜಾಗ ಅದು. ಆಮೇಲೆ ಬಿ-36, ಬಿ-58, ಎಫ್-111, ಎಫ್-16 ಎಲ್ಲವೂ ಅಲ್ಲೇ ಹುಟ್ಟಿದವು. ಈಗ ಎಫ್-35. ಇದೇ ವಿಮಾನದ ಅಂತಿಮ ಜೋಡಣೆ ಇಟಲಿಯ ಕಾಮೆರಿ ಮತ್ತು ಜಪಾನಿನ ನಗೋಯಾದಲ್ಲೂ ನಡೆಯುತ್ತದೆ. ಆದರೆ ಬಹುಪಾಲು ವಿಮಾನಗಳು ಹೊರಬರುವುದು ಫೋರ್ಟ್‌ವರ್ತ್‌ನಿಂದಲೇ.

ಅಂತಿಮ ಜೋಡಣೆ ಎಂದೆ. ಯಾಕೆಂದರೆ ವಿಮಾನ ಅಲ್ಲಿ ಪೂರ್ತಿಯಾಗಿ ತಯಾರಾಗುವುದಿಲ್ಲ. ನಡುವಿನ ಒಡಲು ಕ್ಯಾಲಿಫೋರ್ನಿಯಾದ ಪಾಮ್‌ಡೇಲ್‌ನಲ್ಲಿರುವ ನಾರ್ತ್ರಾಪ್ ಗ್ರಮನ್ ಘಟಕದಿಂದ ಬರುತ್ತದೆ. ಹಿಂಬದಿಯ ಒಡಲು ಇಂಗ್ಲೆಂಡಿನ ಲ್ಯಾಂಕಶೈರಿನ ಸ್ಯಾಮಲ್ಸ್‌ಬರಿಯದು, ಅದನ್ನು ಮಾಡುವುದು ಬಿಎಇ ಸಿಸ್ಟಮ್ಸ್. ಮುಂಭಾಗ ಮತ್ತು ರೆಕ್ಕೆ ಫೋರ್ಟ್‌ವರ್ತ್‌ನವೇ, ಆದರೂ ಕೆಲವು ರೆಕ್ಕೆಗಳನ್ನು ಇಸ್ರೇಲ್ ಮತ್ತು ಇಟಲಿ ಮಾಡಿ ಕಳಿಸುತ್ತವೆ. ಎಂಜಿನ್ ಪ್ರ್ಯಾಟ್ ಅಂಡ್ ವಿಟ್ನಿಯ ಎಫ್135. ಪೈಲಟ್ ಅಪಾಯದಲ್ಲಿ ಹೊರಜಿಗಿಯುವ ಕುರ್ಚಿ ಬ್ರಿಟನ್ನಿನ ಮಾರ್ಟಿನ್-ಬೇಕರ್ ಕಂಪನಿಯದು. ಒಂದು ವಿಮಾನದಲ್ಲಿ 3 ಲಕ್ಷಕ್ಕೂ ಹೆಚ್ಚು ಬಿಡಿಭಾಗಗಳಿವೆ. ಈ ಭಾಗಗಳಲ್ಲಿ ಒಂದು ಬಾರದಿದ್ದರೂ ಸಾಲು ತಡವರಿಸುತ್ತದೆ.

ನಾಲ್ಕು ದೊಡ್ಡ ತುಂಡುಗಳನ್ನು ಕೂಡಿಸುವ ಹಂತದಲ್ಲಿ ಲೇಸರ್ ಕಿರಣಗಳು ಅಳತೆ ಹಿಡಿಯುತ್ತವೆ, ಮೋಟಾರುಗಳು ತುಂಡುಗಳನ್ನು ಕೂದಲೆಳೆಯಷ್ಟು ಸರಿಸುತ್ತ ಒಂದಕ್ಕೊಂದು ಹೊಂದಿಸುತ್ತವೆ. ಇಷ್ಟು ನಿಖರತೆ ಯಾಕೆ ಬೇಕು? ಇದರ ಉತ್ತರವೇ ರೇಡಾರಿನ ಕಣ್ಣು ತಪ್ಪಿಸುವ ಸ್ಟೆಲ್ತ್ ತಂತ್ರದ ಮುಖ್ಯ ಪಾಠ.

ರೇಡಾರ್ ಕಳಿಸಿದ ರೇಡಿಯೊ ಅಲೆ ವಿಮಾನಕ್ಕೆ ಬಡಿದು ಕಳಿಸಿದವನ ಕಡೆಗೇ ಮರಳಿದರೆ ವಿಮಾನ ಪರದೆಯ ಮೇಲೆ ಕಾಣುತ್ತದೆ. ಅಲೆ ಮರಳದಂತೆ ಮಾಡಲು ಮೊದಲು ನೆರವಾಗುವುದು ಆಕಾರ. ಎಫ್-35ರ ರೆಕ್ಕೆಯ ಅಂಚು, ಬಾಲದ ಅಂಚು, ಗಾಳಿ ಒಳಹೋಗುವ ಬಾಯಿಯ ಅಂಚು ಇವೆಲ್ಲ ಕೆಲವೇ ಕೋನಗಳಲ್ಲಿ ಸಾಲುಗೂಡಿವೆ. ಹೀಗಾಗಿ ಪ್ರತಿಫಲನ ಎಲ್ಲ ದಿಕ್ಕಿಗೂ ಚೆಲ್ಲದೆ ಕೆಲವೇ ದಿಕ್ಕುಗಳಿಗೆ, ರೇಡಾರ್ ಇಲ್ಲದ ಕಡೆಗೆ, ಹೋಗುತ್ತದೆ. ಎಂಜಿನ್ನಿನ ಮುಂದಿನ ಬ್ಲೇಡುಗಳು ರೇಡಾರಿಗೆ ಬಹಳ ಇಷ್ಟವಾದ ಗುರಿ, ಅದಕ್ಕೇ ಗಾಳಿಯ ಕೊಳವೆಯನ್ನು ಬಾಗಿಸಿ ಅವನ್ನು ಮರೆಮಾಡಿದ್ದಾರೆ. ಬಾಂಬು, ಕ್ಷಿಪಣಿಗಳು ಹೊಟ್ಟೆಯೊಳಗೆ. ಉಳಿದ ಅಲೆಯನ್ನು ಹೀರುವುದು ಮೈಮೇಲಿನ ವಿಶೇಷ ಲೇಪನದ ಪಾಲು.

ಇಷ್ಟೆಲ್ಲ ಮಾಡಿದ ಮೇಲೂ ಎರಡು ಹಲಗೆಗಳ ನಡುವೆ ಒಂದು ಬಿರುಕು ಉಳಿದರೆ, ಒಂದು ಮುಚ್ಚಳ ಪಕ್ಕದ ಮೈಗಿಂತ ತುಸು ಎತ್ತರ ನಿಂತರೆ ಆ ಮೆಟ್ಟಿಲೇ ಅಲೆಯನ್ನು ಹಿಂದಕ್ಕೆ ಕಳಿಸುತ್ತದೆ. ಹಳೆಯ ಯುದ್ಧವಿಮಾನದಲ್ಲಿ ಲೆಕ್ಕಕ್ಕೇ ಬಾರದ ಈ ಅಳತೆ ಇಲ್ಲಿ ವಿಮಾನದ ಬೆಲೆಯನ್ನೇ ನಿರ್ಧರಿಸುತ್ತದೆ. ಲೇಪನ ಬಳಿಯುವ ಕೆಲಸ ರೋಬೋಟುಗಳದು. ಕೊನೆಗೆ ಪ್ರತಿ ವಿಮಾನವನ್ನೂ ಒಂದು ಪರೀಕ್ಷಾ ಕಟ್ಟಡದಲ್ಲಿ ನಿಲ್ಲಿಸಿ ರೇಡಾರಿಗೆ ಅದು ಎಷ್ಟು ಕಾಣುತ್ತದೆಂದು ಅಳೆಯುತ್ತಾರೆ.

ಆಮೇಲೆ ಇಂಧನದ ಟ್ಯಾಂಕು ತುಂಬಿ ಸೋರಿಕೆ ಪರೀಕ್ಷೆ, ಎಂಜಿನ್ ಓಡಿಸಿ ನೋಡುವುದು, ಕಂಪನಿಯ ಪೈಲಟ್ ಹಾರಿಸುವುದು, ಸರ್ಕಾರದ ಪೈಲಟ್ ಹಾರಿಸುವುದು. ಎಲ್ಲ ಸರಿಯಿದ್ದರೆ ಡಿಡಿ-250 ಎಂಬ ಕಾಗದಕ್ಕೆ ಸಹಿ ಬೀಳುತ್ತದೆ. ಎಣಿಕೆಗೆ ಸೇರುವುದು ಈ ಸಹಿ. ವಿಮಾನ ಸಾಲಿನಿಂದ ಹೊರಬಂದ ದಿನ, ಮೊದಲು ಹಾರಿದ ದಿನ, ಸಹಿ ಬಿದ್ದ ದಿನ, ಕೊಂಡ ದೇಶದ ನೆಲ ಮುಟ್ಟಿದ ದಿನ ಇವು ನಾಲ್ಕೂ ಬೇರೆ ಬೇರೆ. ಇವುಗಳ ನಡುವೆ ತಿಂಗಳುಗಳೂ ಸರಿಯಬಹುದು, ವರ್ಷಗಳೂ ಸರಿಯಬಹುದು.

ಫೋರ್ಟ್‌ವರ್ತ್ ಕಾರ್ಖಾನೆಗೆ ಹೊಂದಿಕೊಂಡ ರನ್‌ವೇ ಪಕ್ಕದ ನೌಕಾ ವಾಯುನೆಲೆಯದು. ಬೇಲಿಯ ಹೊರಗೆ ಉದ್ದನೆಯ ಲೆನ್ಸು ಹಿಡಿದು ನಿಲ್ಲುವ ವಿಮಾನಪ್ರಿಯರು ಬಹಳ ಶ್ರದ್ಧೆಯ ಜನ. ಮೊದಲ ಹಾರಾಟದ ದಿನ, ಬಾಲದ ಸಂಖ್ಯೆ, ಹೊರಟ ದಿನ ಎಲ್ಲವನ್ನೂ ಅವರು ಬರೆದಿಡುತ್ತಾರೆ. ಅವರಿಗೆ ದಾರಿ ತೋರಿಸುವುದು ತಯಾರಿಕೆಯ ಸಂಕೇತ. ಅದರಲ್ಲಿ ಮೊದಲ ಅಕ್ಷರ ವಿಮಾನದ ಬಗೆಯದು: ಎ ಅಂದರೆ ಸಾಮಾನ್ಯ ರನ್‌ವೇಯಿಂದ ಏರುವುದು, ಬಿ ಅಂದರೆ ಚಿಕ್ಕ ಓಟದಲ್ಲಿ ಏರಿ ನೇರವಾಗಿ ಕೆಳಗಿಳಿಯುವುದು, ಸಿ ಅಂದರೆ ದೊಡ್ಡ ವಿಮಾನವಾಹಕ ನೌಕೆಗಳದು. ಎರಡನೆಯ ಅಕ್ಷರ ದೇಶದ್ದು. ಎಫ್ ಅಮೆರಿಕ, ಕೆ ಬ್ರಿಟನ್, ಎಲ್ ಇಟಲಿ, ಎಂ ನಾರ್ವೆ, ಎನ್ ನೆದರ್ಲೆಂಡ್ಸ್, ಎಸ್ ಇಸ್ರೇಲ್, ಯು ಆಸ್ಟ್ರೇಲಿಯಾ, ಎಕ್ಸ್ ಜಪಾನ್. ಹಾಗಾಗಿ ಬಿಕೆ-1 ಅಂದರೆ ಬ್ರಿಟನ್ನಿಗೆ ಹೋದ ಮೊದಲ ಬಿ. ಅಲ್ಲಿನ ವಾಯುಪಡೆಯಲ್ಲಿ ಅದೇ ವಿಮಾನ ಜಡ್‌ಎಂ135. 2025ರ ಜೂನ್‌ನಲ್ಲಿ ತಿರುವನಂತಪುರದಲ್ಲಿ ಇಳಿದು, ಕೆಟ್ಟು, ಜುಲೈ 22ರವರೆಗೆ ಅಲ್ಲೇ ಉಳಿದ ಬ್ರಿಟಿಷ್ ವಿಮಾನವೂ ಈ ಬಿ ಬಗೆಯದೇ.

ಸಂಕೇತಗಳು ಕ್ರಮವಾಗಿ ಬರುವುದರಿಂದ ನಡುವೆ ಒಂದು ಸಂಖ್ಯೆ ಹಾರದೆ ಉಳಿದರೆ ಬೇಲಿಯಾಚೆಗೂ ಗೊತ್ತಾಗುತ್ತದೆ. ಎಲ್ಲವೂ ಒಟ್ಟಿಗೆ ನಿಂತರಂತೂ ಇಡೀ ಜಗತ್ತಿಗೆ ಗೊತ್ತಾಗುತ್ತದೆ. ಹಾಗೆ ನಿಂತದ್ದು 2022ರಿಂದ 2024ರ ನಡುವೆಯೇ ಮೂರು ಸಲ.

ಮೊದಲ ಸಲ ಕಾರಣ ಒಂದು ಅಯಸ್ಕಾಂತ. ಎಫ್-35ರ ಒಡಲಲ್ಲಿ ಹನಿವೆಲ್ ಕಂಪನಿ ಮಾಡುವ ಟರ್ಬೊಮಷೀನ್ ಎಂಬ ಪುಟ್ಟ ಟರ್ಬೈನ್ ಇದೆ. ನೆಲದ ಮೇಲಿರುವಾಗ ವಿದ್ಯುತ್ ಕೊಡುವುದು, ದೊಡ್ಡ ಎಂಜಿನ್ನನ್ನು ಚಾಲೂ ಮಾಡುವುದು, ಎಲೆಕ್ಟ್ರಾನಿಕ್ ಉಪಕರಣಗಳನ್ನು ತಂಪಾಗಿಡುವುದು ಇವೆಲ್ಲ ಅದರದೇ ಹೊಣೆ. ಅದಕ್ಕೆ ಎಣ್ಣೆ ಹರಿಸುವ ಪಂಪಿನಲ್ಲಿ ಸಮೇರಿಯಂ ಮತ್ತು ಕೋಬಾಲ್ಟ್ ಬೆರೆಸಿದ ಅಯಸ್ಕಾಂತ ಬೇಕು. ಬಿಸಿಯಾದಾಗಲೂ ಶಕ್ತಿ ಕಳೆದುಕೊಳ್ಳದಿರುವುದು ಈ ಮಿಶ್ರಲೋಹದ ಗುಣ. ಆ ಲೋಹ ಚೀನಾದಿಂದ ಬಂದದ್ದೆಂದು 2022ರ ಆಗಸ್ಟ್‌ನಲ್ಲಿ ತಿಳಿಯಿತು. ಅಮೆರಿಕದ ರಕ್ಷಣಾ ಖರೀದಿಯ ಕಾನೂನು ಅಂಥ ವಿಶೇಷ ಲೋಹಗಳನ್ನು ಚೀನಾದಿಂದ ತರಲು ಬಿಡುವುದಿಲ್ಲ. ಅಯಸ್ಕಾಂತ ಯಾವ ಮಾಹಿತಿಯನ್ನೂ ಸೋರಿಸದು, ವಿಮಾನಕ್ಕೆ ಅದರಿಂದ ಅಪಾಯವೂ ಇರಲಿಲ್ಲ. ಆದರೂ ಹಸ್ತಾಂತರ ನಿಂತಿತು. ವಿನಾಯಿತಿಯ ಆದೇಶ ಬಂದು ಕೆಲಸ ಮುಂದುವರಿದದ್ದು ಅಕ್ಟೋಬರಿನಲ್ಲಿ. ಅಪರೂಪದ ಲೋಹಗಳನ್ನು ಸಂಸ್ಕರಿಸುವ ಶಕ್ತಿ ಎಷ್ಟರಮಟ್ಟಿಗೆ ಒಂದೇ ದೇಶದ ಕೈಯಲ್ಲಿದೆ ಎಂಬುದನ್ನು ಅನೇಕ ವರದಿಗಳಿಗಿಂತ ಸ್ಪಷ್ಟವಾಗಿ ಹೇಳಿದ ಘಟನೆ ಇದು.

ಎರಡನೆಯದು ಎರಡು ತಿಂಗಳಲ್ಲೇ ಬಂತು. 2022ರ ಡಿಸೆಂಬರ್ 15ರಂದು ಫೋರ್ಟ್‌ವರ್ತ್‌ನಲ್ಲೇ, ಇನ್ನೂ ಸಹಿಯಾಗದ ಒಂದು ಬಿ ವಿಮಾನ ನೇರವಾಗಿ ಇಳಿಯುತ್ತಿತ್ತು. ನೆಲ ಮುಟ್ಟಿ ಪುಟಿಯಿತು, ಮೂಗು ಕೆಳಗಾಯಿತು, ಗಿರ್ರನೆ ತಿರುಗಿತು. ಸರ್ಕಾರದ ಪೈಲಟ್ ಕುರ್ಚಿ ಸಮೇತ ಹೊರಚಿಮ್ಮಿ ಬದುಕಿದರು. ತನಿಖೆ ತಲುಪಿದ್ದು ಎಂಜಿನ್ನಿನಲ್ಲಿ ಅಪರೂಪಕ್ಕೆ ಏಳುವ ಅನುರಣನೆಗೆ. ಯಾವುದೇ ಕೊಳವೆಗೆ, ಫಲಕಕ್ಕೆ ತನ್ನದೇ ಆದ ಸಹಜ ಕಂಪನದ ಲಯವಿರುತ್ತದೆ. ಹೊರಗಿನ ಕಂಪನ ಅದೇ ಲಯಕ್ಕೆ ಬಂದರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ಮೆಲ್ಲಗೆ ತಳ್ಳಿದಷ್ಟೂ ಅದು ಮೇಲೇರುವಂತೆ, ಸಣ್ಣ ನಡುಕ ಬೆಳೆಯುತ್ತ ಹೋಗುತ್ತದೆ. 43,000 ಪೌಂಡ್ ತಳ್ಳುಶಕ್ತಿಯ ಎಂಜಿನ್ನಿನೊಳಗೆ ಅಂಥ ನಡುಕ ಬೆಳೆಯುವುದು ಸಣ್ಣ ಸಂಗತಿಯಲ್ಲ. ಎಂಜಿನ್ನುಗಳಿಗೆ ಸಣ್ಣದೊಂದು ಮಾರ್ಪಾಡು ಮಾಡುವ ಪರಿಹಾರ ಸಿಕ್ಕಿ, 2023ರ ಮಾರ್ಚ್‌ನಲ್ಲಿ ಹಸ್ತಾಂತರ ಮತ್ತೆ ಶುರುವಾಯಿತು. ಈ ಅಪಘಾತದಿಂದಾಗಿ 2022ರ ಲೆಕ್ಕ 148ರ ಗುರಿ ಮುಟ್ಟದೆ 141ಕ್ಕೆ ನಿಂತಿತು.

ಮೂರನೆಯ ತಡೆ ಒಂದು ವರ್ಷ ಎಳೆಯಿತು, ಅದರಲ್ಲಿ ಮುರಿದ ಭಾಗ ಒಂದೂ ಇರಲಿಲ್ಲ. ವಿಮಾನದ ಮುಖ್ಯ ಕಂಪ್ಯೂಟರ್, ನೆನಪಿನ ಘಟಕ ಮತ್ತು ಪೈಲಟ್ ಮುಂದಿನ ಪರದೆಗಳನ್ನು ಹೊಸದಾಗಿಸುವ ಟಿಆರ್-3 ಎಂಬ ಸುಧಾರಣೆಯನ್ನು 2023ರಲ್ಲಿ ಸಾಲಿಗೆ ಇಳಿಸಿದರು. ಮುಂದೆ ಬರಲಿರುವ ಹೊಸ ಆಯುಧ, ಹೊಸ ಸಂವೇದಕಗಳಿಗೆ ಹಳೆಯ ಕಂಪ್ಯೂಟರಿನ ಶಕ್ತಿ ಸಾಲದಾಗಿತ್ತು. ಎಫ್-35ರ ನಿಜವಾದ ಬಲ ಅದರ ವೇಗದಲ್ಲಿಲ್ಲ. ರೇಡಾರ್, ಸುತ್ತಲೂ ನೋಡುವ ಕ್ಯಾಮೆರಾಗಳು, ಶತ್ರುವಿನ ರೇಡಿಯೊ ಸಂಕೇತ ಆಲಿಸುವ ಆಂಟೆನಾಗಳು ಕೊಡುವ ಮಾಹಿತಿಯನ್ನೆಲ್ಲ ಬೆರೆಸಿ ಪೈಲಟ್‌ಗೆ ಒಂದೇ ಚಿತ್ರವಾಗಿ ತೋರಿಸುವುದರಲ್ಲಿದೆ. ಅದನ್ನು ಮಾಡುವ ತಂತ್ರಾಂಶ ಹೊಸ ಯಂತ್ರಾಂಶದ ಮೇಲೆ ಸ್ಥಿರವಾಗಿ ನಿಲ್ಲಲಿಲ್ಲ. 2023ರ ಜುಲೈಯಿಂದ ಪೆಂಟಗನ್ ಟಿಆರ್-3 ಇರುವ ಹೊಸ ವಿಮಾನಗಳಿಗೆ ಸಹಿ ಹಾಕುವುದನ್ನೇ ನಿಲ್ಲಿಸಿತು.

ಕಾರ್ಖಾನೆ ಮಾತ್ರ ನಿಲ್ಲಲಿಲ್ಲ. ಪಾಮ್‌ಡೇಲ್‌ನಿಂದ, ಲ್ಯಾಂಕಶೈರಿನಿಂದ ಒಡಲುಗಳು ಬರುತ್ತಲೇ ಇದ್ದವು. ಸಾಲನ್ನು ಒಮ್ಮೆ ನಿಲ್ಲಿಸಿದರೆ ನುರಿತ ಕೈಗಳು ಚದುರುತ್ತವೆ, ಸಣ್ಣ ಪೂರೈಕೆದಾರರು ಬಾಗಿಲು ಹಾಕುತ್ತಾರೆ. ಅದಕ್ಕೆ ಕಟ್ಟುವುದು, ನಿಲ್ಲಿಸುವುದು, ಮತ್ತೆ ಕಟ್ಟುವುದು. 2024ರ ಮಾರ್ಚ್‌ನಲ್ಲಿ ಪೂರ್ಣಪ್ರಮಾಣದ ಉತ್ಪಾದನೆಗೆ ಅಧಿಕೃತ ಒಪ್ಪಿಗೆ ಸಿಕ್ಕಾಗಲೂ ಹೊಸ ವಿಮಾನಗಳನ್ನು ಪಡೆದುಕೊಳ್ಳುವವರಿರಲಿಲ್ಲ. 2024ರ ಜುಲೈನಲ್ಲಿ, ತರಬೇತಿಗೆ ಸಾಲುವಷ್ಟು ಸಾಮರ್ಥ್ಯದ ತಂತ್ರಾಂಶದೊಂದಿಗೆ ಸಹಿ ಮತ್ತೆ ಶುರುವಾಯಿತು. ಒಪ್ಪಿಸಿದ ವಿಮಾನ ಪೂರ್ತಿ ಯುದ್ಧಕ್ಕೆ ಸಿದ್ಧವಾದ ವಿಮಾನ ಎಂಬ ನಂಬಿಕೆಯನ್ನು ಆ ತಿಂಗಳು ಬಿಡಬೇಕಾಯಿತು. 191ರ ಒಳಗಿರುವ ಕಥೆ ಇದೇ.

ಸಹಿಯಾದ ಮೇಲೂ ದಾರಿ ಉದ್ದ. ಕೊಂಡ ದೇಶಗಳ ಮೊದಮೊದಲ ವಿಮಾನಗಳು ಬಹುಮಟ್ಟಿಗೆ ಮನೆಗೆ ಹೋಗದೆ ಅರಿಜೋನಾದ ಲ್ಯೂಕ್ ವಾಯುನೆಲೆಯಲ್ಲಿ ಉಳಿದು ಪೈಲಟ್‌ಗಳನ್ನು ತಯಾರು ಮಾಡಿವೆ. ಆಸ್ಟ್ರೇಲಿಯಾದ ಮೊದಲೆರಡು ವಿಮಾನಗಳು ವಿಲಿಯಮ್‌ಟೌನ್‌ಗೆ ಬಂದದ್ದು 2018ರ ಡಿಸೆಂಬರಿನಲ್ಲಿ, 72ರ ಲೆಕ್ಕ ಪೂರ್ತಿಯಾದದ್ದು 2024ರ ಡಿಸೆಂಬರಿನಲ್ಲಿ. ನಾರ್ವೆ ತನ್ನ 52ನ್ನೂ 2025ರ ಏಪ್ರಿಲ್ ಹೊತ್ತಿಗೆ ಪಡೆಯಿತು. ನೆದರ್ಲೆಂಡ್ಸಿನ ಲೇವಾರ್ಡನ್‌ಗೆ 2019ರ ಅಕ್ಟೋಬರ್ 31ರಂದು ಮೊದಲ ವಿಮಾನ ಬಂದಾಗ ಅಗ್ನಿಶಾಮಕ ವಾಹನಗಳು ನೀರಿನ ಕಮಾನು ಕಟ್ಟಿ ಸ್ವಾಗತಿಸಬೇಕಿತ್ತು. ತಪ್ಪಿ ನೊರೆ ಸಿಡಿಯಿತು. ಇಡೀ ವಿಮಾನವನ್ನು ತೊಳೆದು ಪರೀಕ್ಷಿಸಬೇಕಾಯಿತು. ಬೆಲ್ಜಿಯಂ 2028ರೊಳಗೆ 30 ಎಫ್-16ಗಳನ್ನು ಉಕ್ರೇನಿಗೆ ಕೊಡುವುದಾಗಿ 2024ರಲ್ಲಿ ಮಾತು ಕೊಟ್ಟಿತ್ತು. ಹಳೆಯದನ್ನು ಬಿಟ್ಟುಕೊಡಲು ಹೊಸದು ಬರಬೇಕು. ಅದರ ಮೊದಲ ಎಫ್-35ಗಳು ಫ್ಲೊರೆನ್ ನೆಲೆಗೆ ಬಂದದ್ದು 2025ರ ಅಕ್ಟೋಬರಿನಲ್ಲಿ. ಟೆಕ್ಸಾಸಿನ ತಂತ್ರಾಂಶ ದೋಷದ ಪರಿಣಾಮ ಉಕ್ರೇನಿನ ಆಕಾಶದವರೆಗೂ ಚಾಚಿಕೊಂಡದ್ದು ಹೀಗೆ.

ಎಣಿಕೆಯಲ್ಲಿ ಎಲ್ಲಿ ಸೇರಿಸಬೇಕೆಂದು ತಿಳಿಯದೆ ಉಳಿದವು ಟರ್ಕಿಯ ವಿಮಾನಗಳು. ಟರ್ಕಿ ಈ ಯೋಜನೆಯ ಪಾಲುದಾರ ದೇಶವಾಗಿತ್ತು. ನಡುವಿನ ಒಡಲನ್ನೂ ಸೇರಿಸಿ 900ಕ್ಕೂ ಹೆಚ್ಚು ಬಗೆಯ ಭಾಗಗಳು ಅಲ್ಲಿ ತಯಾರಾಗುತ್ತಿದ್ದವು, 100 ವಿಮಾನ ಕೊಳ್ಳುವ ಯೋಜನೆಯೂ ಇತ್ತು. 2018ರ ಜೂನ್‌ನಲ್ಲಿ ಫೋರ್ಟ್‌ವರ್ತ್‌ನಲ್ಲಿ ಸಮಾರಂಭ ನಡೆದು ಮೊದಲ ವಿಮಾನ ಒಪ್ಪಿಸಿದ್ದೂ ಆಯಿತು. ಟರ್ಕಿಯ ಪೈಲಟ್‌ಗಳು ಲ್ಯೂಕ್‌ನಲ್ಲಿ ಹಾರಲು ಕಲಿಯುತ್ತಿದ್ದರು. ಮರುವರ್ಷ ಜುಲೈನಲ್ಲಿ ರಷ್ಯಾದ ಎಸ್-400 ಕ್ಷಿಪಣಿ ವ್ಯವಸ್ಥೆ ಟರ್ಕಿಗೆ ಬಂದಿಳಿಯಿತು. ಅದರ ರೇಡಾರ್ ದಿನವೂ ಪಕ್ಕದಲ್ಲೇ ಎಫ್-35 ಹಾರುವುದನ್ನು ಗಮನಿಸಿದರೆ ಮೇಲೆ ಹೇಳಿದ ಅಂಚು, ಕೋನ, ಲೇಪನಗಳ ಗುಟ್ಟೆಲ್ಲ ಬಯಲಾದೀತೆಂದು ಅಮೆರಿಕ ಟರ್ಕಿಯನ್ನು ಹೊರಹಾಕಿತು. ಟರ್ಕಿಗಾಗಿ ಕಟ್ಟಿದವು ಅಮೆರಿಕದಲ್ಲೇ ಉಳಿದವು. ಇನ್ನೂ 8 ವಿಮಾನಗಳನ್ನು 2020ರಲ್ಲಿ ಅಮೆರಿಕದ ವಾಯುಪಡೆಯೇ ಕೊಂಡಿತು.

ಭಾರತ ಎಫ್-35 ಕೊಂಡಿಲ್ಲ. 2025ರ ಫೆಬ್ರುವರಿಯಲ್ಲಿ ಯಲಹಂಕದ ಏರೋ ಇಂಡಿಯಾದಲ್ಲಿ ಅದು ರಷ್ಯಾದ ಸು-57ರ ಜೊತೆಗೆ ಬಂದು ನಿಂತಾಗ ನೋಡಲು ಜನ ಮುಗಿಬಿದ್ದರು. ಆದರೆ ಕಟ್ಟಿದ ವಿಮಾನ ಬಿಡಿಭಾಗಕ್ಕಾಗಿ ಕಾಯುವ ಕಷ್ಟ ಬೆಂಗಳೂರಿಗೆ ಹೊಸದಲ್ಲ. ವಾಯುಪಡೆ 2021ರ ಫೆಬ್ರುವರಿಯಲ್ಲಿ ಎಚ್‌ಎಎಲ್‌ಗೆ 83 ತೇಜಸ್ ಮಾರ್ಕ್-1ಎ ವಿಮಾನಗಳ ಬೇಡಿಕೆ ಕೊಟ್ಟಿತು. ಅವಕ್ಕಾಗಿ ಅಮೆರಿಕದ ಜಿಇ ಕಂಪನಿಯಿಂದ 99 ಎಫ್404 ಎಂಜಿನ್ ತರಿಸುವ ಒಪ್ಪಂದವೂ ಆಯಿತು. ಹಿಂದಿನ ಬೇಡಿಕೆ ಮುಗಿದ ಮೇಲೆ ಜಿಇ ಆ ಎಂಜಿನ್ನಿನ ಸಾಲನ್ನೇ ಮುಚ್ಚಿತ್ತು. ಅದನ್ನು ಮತ್ತೆ ತೆರೆದು, ಚದುರಿದ ಪೂರೈಕೆದಾರರನ್ನು ಮತ್ತೆ ಕೂಡಿಸಿ, ಮೊದಲ ಎಂಜಿನ್ ಕಳಿಸುವ ಹೊತ್ತಿಗೆ 2025ರ ಮಾರ್ಚ್ ಬಂದಿತ್ತು. ಫೋರ್ಟ್‌ವರ್ತ್ ತನ್ನ ಸಾಲನ್ನು ನಿಲ್ಲಿಸದೆ ಯಾಕೆ ವಿಮಾನಗಳನ್ನು ಪೇರಿಸಿಟ್ಟಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚುತ್ತಿಲ್ಲ. ಬೆಂಗಳೂರಿನ ಸರ್ಕಾರಿ ಸಂಸ್ಥೆ ಎಡಿಎ ವಿನ್ಯಾಸ ಮಾಡುತ್ತಿರುವ ನಮ್ಮದೇ ಸ್ಟೆಲ್ತ್ ವಿಮಾನ ಆಮ್ಕಾಕ್ಕೆ 2024ರ ಮಾರ್ಚ್‌ನಲ್ಲಿ ಕೇಂದ್ರ ಸಂಪುಟ ಸಮಿತಿಯ ಒಪ್ಪಿಗೆ ದೊರೆತಿದೆ. ಅದರಲ್ಲೂ ಆಯುಧಗಳು ಹೊಟ್ಟೆಯೊಳಗೇ ಇರುತ್ತವೆ, ಗಾಳಿಯ ಕೊಳವೆ ಬಾಗಿಯೇ ಇರುತ್ತದೆ, ಹಲಗೆಗಳ ನಡುವಿನ ಬಿರುಕನ್ನು ಅಳೆಯುವ ಲೇಸರುಗಳು ನಮ್ಮ ಹ್ಯಾಂಗರುಗಳಿಗೂ ಬರಬೇಕು. ಮೊದಲ ಮಾದರಿಗಳು ಹಾರುವುದು ಜಿಇಯ ಎಫ್414 ಎಂಜಿನ್ನಿನಲ್ಲಿ.