ಓತಿಕ್ಯಾತದ ಕಣ್ಣು ಮತ್ತು ದೀಪದ ಬೆಳಕು

ಬೇಲಿಯ ಕಲ್ಲಿನ ಮೇಲೆ ಕುಳಿತು ಬಿಸಿಲಿಗೆ ತಲೆಯಾಡಿಸುವ ಓತಿಕ್ಯಾತವನ್ನು ಕಾಣದವರು ನಮ್ಮ ಧಾರವಾಡದಲ್ಲಿ ಯಾರೂ ಇರಲಾರರು. ಅದು ತಮ್ಮನ್ನು ಅಣಕಿಸುವದೆಂದು ತಿಳಿದು ಹುಡುಗರು ಅದಕ್ಕೆ ಕಲ್ಲೆಸೆಯುವರು. ಆದರೆ ಪ್ರಾಣಿಶಾಸ್ತ್ರಜ್ಞರಿಗೆ ಈ ಬಡಪ್ರಾಣಿ ಬಹು ಬೆಲೆಯುಳ್ಳದ್ದು. ನಮ್ಮ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಡಾ. ಎಸ್. ಕೆ. ಸೈದಾಪುರ, ಡಾ. ಭಾಗ್ಯಶ್ರೀ ಶಾನಭಾಗ ಮೊದಲಾದವರು ಇದರ ಸಂತಾನೋತ್ಪತ್ತಿಯ ಕ್ರಮವನ್ನು ಅನೇಕ ವರ್ಷ ಅಭ್ಯಸಿಸಿದ್ದಾರೆ. ಇದರ ದೂರದ ದಾಯಾದಿಯೊಂದು ಈಗ ಕೆಲವರ ಮನೆಗಳಲ್ಲಿ ಗಾಜಿನ ಪೆಟ್ಟಿಗೆಯೊಳಗಿನ ಸಾಕುಪ್ರಾಣಿಯಾಗಿದೆ. ಆಸ್ಟ್ರೇಲಿಯದ ಒಣನಾಡಿನ ಆ ಪ್ರಾಣಿಗೆ ಬಿಯರ್ಡೆಡ್ ಡ್ರ್ಯಾಗನ್ ಎಂದು ಹೆಸರು. ಗಡ್ಡದ ಓತಿ ಎಂದರೆ ನಮಗೆ ಸಾಕು. ಎರಡೂ ಅಗಾಮಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು.

ಲಕಮನಹಳ್ಳಿಯಲ್ಲಿ ನಮ್ಮ ಮನೆಯ ಹತ್ತಿರದವರೊಬ್ಬರು ಇಂಥದೊಂದನ್ನು ಸಾಕಿದ್ದಾರೆ. ಕಳೆದ ವರ್ಷ ಹೊಸ ದೀಪ ಹಾಕಿದ ಮೂರನೆಯ ದಿನಕ್ಕೆ ಅದರ ರೆಪ್ಪೆಗಳು ಬಾತು ಮುಚ್ಚಿಕೊಂಡವು. ಹುಳವನ್ನು ಮುಂದಿಟ್ಟರೂ ಮುಟ್ಟಲೊಲ್ಲದು. ನೋಡಿ ಬೇಟೆಯಾಡುವ ಪ್ರಾಣಿಗೆ ಕಣ್ಣು ಹೋದರೆ ಅನ್ನವೇ ಹೋದಂತೆ. ಮನೆಯವರು ಧೂಳು ಬಿದ್ದಿರಬೇಕೆಂದರು. ಎದುರುಮನೆಯ ಕಾಕಾ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ವೆಲ್ಡಿಂಗ್ ಕೆಲಸ ಮಾಡುವವರು. ಅವರು ಬಂದು ನೋಡಿ, “ಇದಕ್ಕ ವೆಲ್ಡಿಂಗ್ ಬೆಳಕು ಹೊಡದಂಗ ಐತಿ ನೋಡ್ರಿ” ಎಂದರು.

ಕಾಕಾ ಹೇಳಿದ್ದೇ ನಿಜವಾಗಿತ್ತು. ಕಪ್ಪು ಗಾಜಿಲ್ಲದೆ ವೆಲ್ಡಿಂಗ್ ಕಿಡಿಯನ್ನು ದಿಟ್ಟಿಸಿದವನಿಗೆ ಆಗ ಏನೂ ಅನಿಸುವದಿಲ್ಲ. ಕೆಲವು ತಾಸು ಕಳೆದು, ಹೆಚ್ಚಾಗಿ ರಾತ್ರಿ ಮಲಗಿದ ಮೇಲೆ, “ಕಣ್ಣಾಗ ಉಸುಕು ಹೊಕ್ಕಂಗ” ಆಗಿ ನೀರು ಸುರಿಯತೊಡಗುವದು. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ಸುಟ್ಟಿರುವದೇ ಇದಕ್ಕೆ ಕಾರಣ. ಸುಡುವದು ಕಣ್ಣಿಗೆ ಕಾಣುವ ಬೆಳಕಲ್ಲ. ಅದರ ಜೊತೆಗೆ ಬರುವ, ಕಾಣದ ಅತಿನೇರಳೆ ಕಿರಣ.

ಈ ಕಿರಣಗಳಲ್ಲಿ ಮೂರು ತೆರ. 400ರಿಂದ 315 ನ್ಯಾನೋಮೀಟರ್‌ವರೆಗಿನವು ‘ಎ’, 315ರಿಂದ 280ರವರೆಗಿನವು ‘ಬಿ’, ಅದಕ್ಕೂ ಕಿರಿದಾದವು ‘ಸಿ’. ಸೂರ್ಯನಲ್ಲಿ ಮೂರೂ ಉಂಟು. ಆದರೆ ಮೇಲಿನ ಓಝೋನ್ ಪದರವು ಸುಮಾರು 290ಕ್ಕಿಂತ ಕಿರಿದಾದವುಗಳನ್ನು ನೆಲಕ್ಕೆ ಮುಟ್ಟಗೊಡುವದಿಲ್ಲ. ಆದ್ದರಿಂದ ಬಿಸಿಲಿನಲ್ಲಿಯೇ ಬಾಳಿ ಬಂದ ಓತಿಯ ಕಣ್ಣಿಗೆ ಅವುಗಳ ಪರಿಚಯವೇ ಇಲ್ಲ. ವೆಲ್ಡಿಂಗ್ ಕಿಡಿಯಲ್ಲಿ ಅವು ಧಾರಾಳವಾಗಿವೆ. ಕೆಲವು ಕೆಟ್ಟ ದೀಪಗಳಲ್ಲಿಯೂ ಇವೆ. 2007ರ ಸುಮಾರಿಗೆ ಬ್ರಿಟನ್ನಿನ ಪಶುವೈದ್ಯೆ ಫ್ರಾನ್ಸಿಸ್ ಬೇನ್ಸ್ ಅವರು ಸರೀಸೃಪಗಳಿಗೆಂದು ಮಾರುತ್ತಿದ್ದ ದೀಪಗಳನ್ನು ಅಳೆದು, ಪ್ರಾಣಿಗಳ ಕಣ್ಣು ಬಾಯಿಸಿದ ಕೆಲವು ದೀಪಗಳಲ್ಲಿ ಈ ಕಿರಿದಾದ ಕಿರಣಗಳಿರುವದನ್ನು ತೋರಿಸಿದರು.

ಹಾಗಾದರೆ ದೀಪವನ್ನೇ ತೆಗೆದುಬಿಟ್ಟರಾಗದೆ? ಆಗದು. ‘ಬಿ’ ಕಿರಣ ಚರ್ಮಕ್ಕೆ ತಾಗಿದಾಗಲೇ ದೇಹದಲ್ಲಿ ‘ಡಿ’ ಜೀವಸತ್ವ ಹುಟ್ಟುವದು. ಅದಿಲ್ಲದೆ ತಿಂದ ಸುಣ್ಣದಂಶ ಎಲುಬಿಗೆ ಸೇರದು. ದವಡೆ ಮೆತ್ತಗಾಗಿ, ಕಾಲು ಸೊಟ್ಟಾಗಿ ಪ್ರಾಣಿ ಸೊರಗುವದು. ಪೆಟ್ಟಿಗೆಯನ್ನು ಕಿಟಕಿಯ ಬಿಸಿಲಿಗೆ ಇಟ್ಟರೆ ಸಾಲದೆ ಎಂದು ಹಲವರು ಕೇಳುವರು. ಸಾಮಾನ್ಯ ಗಾಜು ‘ಬಿ’ ಕಿರಣವನ್ನು ಬಹುಮಟ್ಟಿಗೆ ತಡೆಯುವದು, ಶಾಖವನ್ನು ಮಾತ್ರ ಒಳಗೆ ಕೂಡಿಡುವದು. ನಮ್ಮ ಎಪ್ರಿಲ್ ಬಿಸಿಲಿನಲ್ಲಿ ಅಂಥ ಪೆಟ್ಟಿಗೆ ಒಲೆಯಾದೀತು!

ದೀಪ ಎಲ್ಲಿದೆ ಎಂಬದೂ ಅಷ್ಟೇ ಮುಖ್ಯ. ಓತಿಯ ಕಣ್ಣಿನ ಮೇಲೆ ಹುಬ್ಬಿನಂಥ ಏಣು ಇದೆ. ನೆತ್ತಿಯ ಮೇಲಿನ ಸೂರ್ಯನಿಗೆ ಅದು ಕೊಡೆ ಹಿಡಿದಂತೆ. ದೀಪವನ್ನು ಪಕ್ಕದಲ್ಲಿ ನಿಲ್ಲಿಸಿದರೆ ಆ ಕೊಡೆ ಕೆಲಸಕ್ಕೆ ಬಾರದೆ ಕಿರಣಗಳು ನೇರವಾಗಿ ಕಣ್ಣೊಳಗೆ ಹೊಗುವವು. ನೆರೆಮನೆಯ ದೀಪವೂ ಪಕ್ಕದಲ್ಲಿಯೇ, ಗೇಣುದ್ದದ ಅಂತರದಲ್ಲಿತ್ತು. ದೀಪ ಮೇಲಿರಬೇಕು, ತಯಾರಕರು ಹೇಳಿದ ಅಂತರದಲ್ಲಿರಬೇಕು. ಪೆಟ್ಟಿಗೆಯ ಒಂದು ತುದಿಯಲ್ಲಿ ನೆರಳೂ ಇರಬೇಕು. ಸಾಕೆನಿಸಿದಾಗ ಪ್ರಾಣಿ ತಾನೇ ಸರಿದುಕೊಳ್ಳುವದು. ರಾತ್ರಿ ಕತ್ತಲೆಯೇ ಲೇಸು. ಕೆಂಪು ಬಲ್ಬು ಇವುಗಳಿಗೆ ಕಾಣಿಸದೆಂದು ಅಂಗಡಿಯವರು ಹೇಳುವದು ಸುಳ್ಳು. ಇವು ಬಣ್ಣಗಳನ್ನು ಚೆನ್ನಾಗಿ ಬಲ್ಲವು.

ಇನ್ನೊಂದು ವಿಚಿತ್ರ: ಓತಿಗಳು ನಿಜವಾಗಿಯೂ ಮುಕ್ಕಣ್ಣರು. ನೆತ್ತಿಯ ಒಂದು ಪೊರೆಯ ನಡುವೆ ಸಣ್ಣ ಚುಕ್ಕೆಯಂತೆ ಮೂರನೆಯ ಕಣ್ಣಿದೆ. ಅದಕ್ಕೂ ಮಸೂರ, ಅಕ್ಷಿಪಟಲಗಳುಂಟು. ಆಕೃತಿಗಳು ಅದಕ್ಕೆ ಕಾಣಿಸವು. ಬೆಳಕೆಷ್ಟು ಎಂಬದನ್ನು ಅದು ಅರಿಯುವದು, ಬಿಸಿಲು ಕಾಯಿಸುವ ಹೊತ್ತನ್ನು ಹದಗೊಳಿಸುವದರಲ್ಲಿ ನೆರವಾಗುವದು. ಬೇಲಿಯ ಓತಿಕ್ಯಾತದ ನೆತ್ತಿಯಲ್ಲಿಯೂ ಇದನ್ನು ನೋಡಬಹುದು, ಅದು ಹತ್ತಿರ ಬಿಟ್ಟುಕೊಂಡರೆ.

ನೆರೆಯವರು ಅದೇ ದಿನ ಆ ದೀಪವನ್ನು ಕಿತ್ತು, ಪ್ರಾಣಿಯನ್ನು ಪಶುವೈದ್ಯರಲ್ಲಿಗೆ ಒಯ್ದರು. ಜೀವಸತ್ವದ ಕೊರತೆಯಿಂದಲೂ ಸೋಂಕಿನಿಂದಲೂ ರೆಪ್ಪೆ ಬಾಯುವದುಂಟು. ಅದನ್ನು ವೈದ್ಯರೇ ನಿರ್ಣಯಿಸಬೇಕು. ನಾಲ್ಕನೆಯ ದಿನ ಬಲಗಣ್ಣು ತೆರೆಯಿತು, ವಾರದ ಮೇಲೆ ಎಡಗಣ್ಣು. ಈಗ ಮೇಲೆ ಉದ್ದನೆಯ ಟ್ಯೂಬು ಇದೆ. ಅದನ್ನು ಹಚ್ಚಿದ ತಾರೀಖನ್ನು ಮನೆಯವರು ಪೆಟ್ಟಿಗೆಯ ಮೇಲೆಯೇ ಬರೆದಿಟ್ಟಿದ್ದಾರೆ. ಏಕೆಂದರೆ ಟ್ಯೂಬು ಹಳೆಯದಾದಂತೆ ‘ಬಿ’ ಕಿರಣ ಇಳಿಯುತ್ತ ಹೋಗುವದು, ಬೆಳಕು ಮಾತ್ರ ಮೊದಲಿನಂತೆಯೇ ಹೊಳೆಯುತ್ತಿರುವದು. ಅಳೆಯುವ ಉಪಕರಣವಿಲ್ಲದವರಿಗೆ ತಾರೀಖೊಂದೇ ಗುರುತು.